ಕಿಂಗ್‌ಡಮ್ ಆಫ್ ಆ್ಯಶ್ ಅರ್ಧಕ್ಕೆ ನಿಂತಿದೆ. ಆರನೇ ಪುಸ್ತಕ ಬಿಟ್ಟು ಬಂದಿದ್ದು ತಪ್ಪಾಯ್ತಾ?

ಕಬ್ಬಿನಹಾಲು

ಸಾರಾ ಜೆ. ಮಾಸ್ ಬರೆದ ಥ್ರೋನ್ ಆಫ್ ಗ್ಲಾಸ್ ಸರಣಿ ಓದಿದವರು ಇಲ್ಲಿ ಯಾರಾದರೂ ಇದ್ದೀರಾ? ನನ್ನೂರು ಮಂಡ್ಯ, ಕಾಲೇಜು ಮೈಸೂರು. ದಿನಾ ರೈಲಲ್ಲಿ ಓಡಾಟ, ಓದೋದೂ ರೈಲಲ್ಲೇ, ಅದೂ ಸೀಟು ಸಿಕ್ಕಿದ ದಿನ. ಐದನೇದು ಎಂಪೈರ್ ಆಫ್ ಸ್ಟಾರ್ಮ್ಸ್ ಮುಗಿಯುವಾಗ ಆ ದುಷ್ಟ ರಾಣಿ ಮೇವ್ ನಮ್ಮ ನಾಯಕಿ ಏಲಿನ್‌ಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಕೊಂಡೊಯ್ದಳಲ್ಲ, ಅವತ್ತು ಶ್ರೀರಂಗಪಟ್ಟಣದ ಸೇತುವೆ ಯಾವಾಗ ಬಂತು, ನಾಗನಹಳ್ಳಿ ಯಾವಾಗ ಹೋಯಿತು ಒಂದೂ ಗೊತ್ತಾಗಲಿಲ್ಲ.

ಮುಂದೇನಾಯ್ತು ಅನ್ನೋ ಆತುರದಲ್ಲಿ ಆರನೇದು, ಟವರ್ ಆಫ್ ಡಾನ್, ತೆಗೆದರೆ ಅದರಲ್ಲಿ ಏಲಿನ್ ಕತೆಯೇ ಇಲ್ಲ! ಪೂರ್ತಿ ಕೇಯಾಲ್ ಕತೆ, ಮೊದಲು ಅರಮನೆ ಕಾವಲು ಪಡೆಯ ನಾಯಕನಾಗಿದ್ದವನು. ನನಗೆ ಅವನನ್ನು ಕಂಡರೆ ಆಗಲ್ಲ. (ನಾಲ್ಕು ಪುಸ್ತಕ ಅವನ ಹೆಸರನ್ನು ಚಾವೋಲ್ ಅಂತಲೇ ಓದಿದ್ದೆ, ಫ್ರೆಂಡ್ಸ್ ಎಲ್ಲ ನಕ್ಕ ಮೇಲೆ ಸರಿ ಮಾಡಿಕೊಂಡೆ.) ಮೂವತ್ತು ಪುಟಕ್ಕೆ ಬಿಟ್ಟು ನೇರ ಕೊನೇ ಪುಸ್ತಕ ಕಿಂಗ್‌ಡಮ್ ಆಫ್ ಆ್ಯಶ್‌ಗೆ ಬಂದೆ. ಏಲಿನ್ ಸೆರೆಯಲ್ಲಿರುವ ಭಾಗ ಎದೆ ಹಿಡಿದುಕೊಂಡು ಓದಿದೆ. ಆದರೆ ಆನಿಯೆಲ್ ಕೋಟೆಯ ಯುದ್ಧ ಶುರುವಾಯ್ತು ನೋಡಿ, ಅಲ್ಲಿಂದ ತಲೆ ಕೆಟ್ಟಿತು. ಸಾರ್ತಕ್ ಅಂತೆ, ದೊಡ್ಡ ಹಕ್ಕಿ ಮೇಲೆ ಕೂತು ಬರುವ ಸೈನ್ಯವಂತೆ, ಇವರೆಲ್ಲ ಎಲ್ಲಿಂದ ಉದುರಿದರು? ಕೇಯಾಲ್ ಒಂದು ಕಡೆ ನಡೆಯುತ್ತಾನೆ, ಇನ್ನೊಂದು ಕಡೆ ಕೋಲು ಹಿಡಿದಿರುತ್ತಾನೆ. ಅವನಿಗೆ ಮದುವೆ ಬೇರೆ ಆಗಿಬಿಟ್ಟಿದೆ!

ಹಾಗಾಗಿ ಪ್ರಶ್ನೆ ಇಷ್ಟೇ. ವಾಪಸ್ ಹೋಗಿ ಆರನೇದು ಓದಲೇಬೇಕಾ, ಇಲ್ಲಾ ಯಾರಾದರೂ ನಾಲ್ಕು ಸಾಲಲ್ಲಿ ಹೇಳ್ತೀರಾ? ದಯವಿಟ್ಟು ಕೊನೆಯಲ್ಲಿ ಯಾರು ಸಾಯುತ್ತಾರೆ ಅಂತ ಮಾತ್ರ ಬರೆಯಬೇಡಿ.

ಇನ್ನೊಂದು ಸಂಕಟ. ನನ್ನದು ಫುಟ್‌ಪಾತಲ್ಲಿ ತಗೊಂಡ ಪ್ರತಿ. ಮುಂದಕ್ಕೆ ತಿರುವಿ ನೋಡಿದರೆ 624ನೇ ಪುಟ ಆದ ಮೇಲೆ ಮತ್ತೆ 609ರಿಂದ ಶುರುವಾಗಿ 624ಕ್ಕೆ ಮುಗಿದು, ಆಮೇಲೆ ನೇರ 641. ಯಾರಿಗೆ ಹೇಳೋಣ.

ಒಂಟಿತಲೆ ಭೇರುಂಡ

ಓದಲೇಬೇಕು. ನಾನೂ ಕೇಯಾಲ್‌ನನ್ನು ಬೈದುಕೊಂಡೇ ಶುರು ಮಾಡಿದವನು.

ಮೊದಲಿಗೆ ಅದು ಇಡೀ ಪುಸ್ತಕ ಆಗಬೇಕು ಅಂತಲೇ ಇರಲಿಲ್ಲ. ಕೇಯಾಲ್ ಬಗ್ಗೆ ಒಂದು ಕಿರುಕಾದಂಬರಿ ಬರೆಯುತ್ತೇನೆ ಅಂತ ಹೊರಟವರು, ಅದು ಬೆಳೆದು ಬೆಳೆದು 2017ರಲ್ಲಿ ದಪ್ಪ ಪುಸ್ತಕವೇ ಆಯಿತು. ನಾಲ್ಕನೇ ಪುಸ್ತಕದ ಕೊನೆಗೆ ಅವನ ಬೆನ್ನಿಗೆ ಪೆಟ್ಟು ಬಿದ್ದು ನಡೆಯೋಕೆ ಆಗದೆ ಹೋಯಿತಲ್ಲ, ಚಿಕಿತ್ಸೆಗೆ ಅಂತ ದಕ್ಷಿಣದ ಖಂಡಕ್ಕೆ ಹೋಗುತ್ತಾನೆ. ಜೊತೆಗೆ ಅಲ್ಲಿನ ಚಕ್ರವರ್ತಿ ಖಗಾನ್ ಹತ್ತಿರ ಸೈನ್ಯ ಕೇಳುವ ಕೆಲಸ. ಐದನೇ ಪುಸ್ತಕದಲ್ಲಿ ಏಲಿನ್ ಒದ್ದಾಡುತ್ತಿರುವ ಅದೇ ದಿನಗಳಲ್ಲಿ ಇದು ನಡೆಯುತ್ತದೆ. ಅದಕ್ಕೇ ಕೆಲವರು ಐದು ಮತ್ತು ಆರನ್ನು ಅಕ್ಕಪಕ್ಕ ಇಟ್ಟುಕೊಂಡು ಅದರದೊಂದಿಷ್ಟು ಅಧ್ಯಾಯ, ಇದರದೊಂದಿಷ್ಟು ಅಧ್ಯಾಯ ಅಂತ ಓದುತ್ತಾರೆ. ನಿಮಗೆ ಆ ರೈಲು ತಪ್ಪಿದೆ, ಹೋಗಲಿ ಬಿಡಿ.

ಕೋಲಿನ ವಿಷಯ: ಅವನ ಹೆಂಡತಿ ಇರೀನ್ ವೈದ್ಯೆ. ಅವಳ ಶಕ್ತಿಗೂ ಅವನ ಬೆನ್ನಿಗೂ ಗಂಟು ಬಿದ್ದಿದೆ. ಅವಳು ಬೇರೆಯವರಿಗೆ ಮದ್ದು ಮಾಡಿ ಸುಸ್ತಾದಷ್ಟೂ ಇವನ ಕಾಲಿನ ಬಲ ಹೋಗುತ್ತದೆ. ಯುದ್ಧದಲ್ಲಿ ಗಾಯಾಳುಗಳು ಜಾಸ್ತಿ ಆದರೆ ಏನಾಗುತ್ತದೆ ಯೋಚನೆ ಮಾಡಿ. ಇದು ಗೊತ್ತಿಲ್ಲದೆ ಆನಿಯೆಲ್ ಓದಿದರೆ ಬರೀ ಕತ್ತಿ, ಗುರಾಣಿ, ಸದ್ದು.

ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ದಿ ಅಸಾಸಿನ್ಸ್ ಬ್ಲೇಡ್ ಅಂತ ಐದು ಹಳೇ ಕತೆಗಳ ಪುಸ್ತಕ ಓದಿದ್ದೀರಾ? ಎರಡನೇ ಕತೆಯಲ್ಲಿ ಒಂದು ದರಿದ್ರ ಬಂದರಿನ ಹೋಟೆಲಲ್ಲಿ ಕೆಲಸ ಮಾಡುವ ಹುಡುಗಿಗೆ ನಮ್ಮ ನಾಯಕಿ ದುಡ್ಡು ಮತ್ತು ಒಂದು ಚೀಟಿ ಇಟ್ಟು ಹೆಸರೂ ಹೇಳದೆ ಹೋಗುತ್ತಾಳೆ. ಆ ಹುಡುಗಿಯೇ ಈ ಇರೀನ್! ಆ ಚೀಟಿಯನ್ನು ಅವಳು ಅಷ್ಟು ವರ್ಷ ಜೋಪಾನ ಮಾಡಿಕೊಂಡಿದ್ದಾಳೆ. ಕೊನೇ ಪುಸ್ತಕದಲ್ಲಿ ಅವರಿಬ್ಬರೂ ಎದುರಾಗುವ ಒಂದು ಪುಟಕ್ಕೋಸ್ಕರ ಆರನೇದನ್ನು ಪೂರ್ತಿ ಓದಬಹುದು. ನಾನು ಅತ್ತಿದ್ದು ಯುದ್ಧಕ್ಕಲ್ಲ, ಅದಕ್ಕೆ.

ಹಕ್ಕಿಗಳ ಹೆಸರು ರುಕ್. ನಮ್ಮ ಗಂಡಭೇರುಂಡಕ್ಕೆ ಒಂದು ತಲೆ ಕಡಿಮೆ ಅಂದುಕೊಳ್ಳಿ.

ಸಂತೆಪೇಟೆ ಸೋಮಾರಿ

ನಾನು ಒಪ್ಪಲ್ಲ ಗುರು. ನಾನು ಆರನೇದು ಇವತ್ತಿಗೂ ಓದಿಲ್ಲ, ಕೊನೇದು ಮುಗಿಸಿದೆ, ಏನೂ ಆಗಲಿಲ್ಲ. ಕೊನೇ ಪುಸ್ತಕವೇ ಸಾವಿರ ಪುಟಕ್ಕೆ ಹತ್ತಿರ ಇದೆ, ಮಲಗಿಕೊಂಡು ಓದೋಕಾಗಲ್ಲ, ಕೈ ಸೋತು ಮೂಗಿನ ಮೇಲೆ ಬೀಳುತ್ತೆ. ಅದರಲ್ಲಿ ಇನ್ನೂರು ಪುಟ ಬರೀ ನಡೆಯೋದು, ಕುದುರೆ ಹತ್ತೋದು, ಒಬ್ಬರನ್ನೊಬ್ಬರು ದಿಟ್ಟಿಸಿ ನೋಡೋದು. ಎಲ್ಲರಿಗೂ ಒಂದೊಂದು ಜೋಡಿ ಬೇರೆ. ಊರಲ್ಲಿ ಸಾಮೂಹಿಕ ವಿವಾಹ ಇಟ್ಟ ಹಾಗೆ ಅಲ್ವಾ.

ಆದರೆ ಮಾಟಗಾತಿ ಮ್ಯಾನನ್ ಮತ್ತು ಅವಳ ‘ಹದಿಮೂರು’ ಗುಂಪಿನ ಭಾಗ ಬಂದಾಗ ರೈಲಲ್ಲಿ ಓದಬೇಡಿ. ಇಷ್ಟೇ ಹೇಳ್ತೀನಿ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಓದಿ.

ಮಸಿ ಕೈ

ನಾನು ಈ ಪುಸ್ತಕ ಓದಿಲ್ಲ, ಮೈಸೂರಲ್ಲಿ ಪ್ರೆಸ್ ಕೆಲಸ. ಪುಟದ ಲೆಕ್ಕ ನೋಡಿ ಸುಮ್ನಿರೋಕಾಗಲಿಲ್ಲ. ದೊಡ್ಡ ಹಾಳೆಯ ಎರಡೂ ಕಡೆ ಸೇರಿ 16 ಪುಟ ಅಚ್ಚು ಹಾಕಿ ಮಡಚುತ್ತೇವೆ, ಅದಕ್ಕೆ ಫಾರಂ ಅಂತೀವಿ. ನಿಮ್ಮ ಲೆಕ್ಕಕ್ಕೆ 609ರಿಂದ 624 ಅನ್ನೋದು 39ನೇ ಫಾರಂ. ಜೋಡಿಸುವವರು ಅದನ್ನೇ ಎರಡು ಸಲ ಇಟ್ಟು 40ನೇದು ಬಿಟ್ಟಿದ್ದಾರೆ. ಸರಿಯಾದ ಅಂಗಡಿಯಲ್ಲಿ ತಗೊಂಡಿದ್ದರೆ ಬದಲಾಯಿಸಿ ಕೊಡುತ್ತಿದ್ದರು. ಕಳ್ಳ ಪ್ರತಿಗೆ ಕೇಳೋರು ಯಾರು? ಫುಟ್‌ಪಾತಲ್ಲೇ ತಗೊಳ್ಳೋದಾದರೆ ಹಳೇ ಅಸಲಿ ಪ್ರತಿ ತಗೊಳ್ಳಿ, ಮೂಲೆ ಮಡಚಿದ್ದರೂ ಪುಟ ಇರುತ್ತೆ.

ಎರಡು ಜಡೆ ಅಮ್ಮ

ಮಧ್ಯೆ ಬಾಯಿ ಹಾಕ್ತಿದೀನಿ. ನನ್ನ ಮಗಳು ಒಂಬತ್ತನೇ ಕ್ಲಾಸು, ಇದೇ ಸರಣಿ ಬೇಕು ಅಂತ ಹಟ. ಹದಿಹರೆಯದವರ ಪುಸ್ತಕ ಅಂತಾಳೆ. ಕೊಡಿಸಬಹುದಾ?

ಒಂಟಿತಲೆ ಭೇರುಂಡ

ಅಕ್ಕ, ನೇರವಾಗಿ ಹೇಳ್ತೀನಿ. 2012ರಲ್ಲಿ ಮೊದಲನೇದು ಬಂದಾಗ ಅದು ಹದಿಹರೆಯದವರಿಗೇ ಸರಿ ಇತ್ತು. ಮೊದಲ ಮೂರು ಪುಸ್ತಕದಲ್ಲಿ ಹೊಡೆದಾಟ, ರಕ್ತ ಇದೆ, ಪ್ರೀತಿ ಮುತ್ತಿನಾಚೆ ಜಾಸ್ತಿ ಬಿಡಿಸಿ ಹೇಳಲ್ಲ. ಐದನೇದಕ್ಕೆ ಬರುವಷ್ಟರಲ್ಲಿ ಮಲಗುವ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಕೊನೇದರ ಶುರುವಿನಲ್ಲಿ ಚಿತ್ರಹಿಂಸೆ, ನನಗೇ ಒಂದೆರಡು ಕಡೆ ಪುಸ್ತಕ ಮುಚ್ಚಿಡಬೇಕಾಯ್ತು. 2023ರಲ್ಲಿ ಹೊಸ ಮುಖಪುಟ ಹಾಕಿ ತಂದಾಗ ಪ್ರಕಾಶಕರೇ ಇದನ್ನು ದೊಡ್ಡವರ ಸಾಲಿಗೆ ಸೇರಿಸಿದರು. ಮೊದಲ ಮೂರು ಕೊಡಿಸಿ, ಮಿಕ್ಕಿದ್ದು ಪಿಯುಸಿಗೆ. ಅಷ್ಟರೊಳಗೆ ಅವಳೇ ಫೋನಲ್ಲಿ ಓದಿ ಮುಗಿಸಿರುತ್ತಾಳೆ, ಅದು ಬೇರೆ ಮಾತು.

ಚಾಮರಾಜಪುರಂ ಅಜ್ಜಿ

ಮೊಮ್ಮಗಳು ಇದನ್ನು ಓದಿ ಹೇಳಿದಳು, ನನ್ನದೂ ಒಂದು ಮಾತು ಅವಳ ಕೈಲೇ ಬರೆಸುತ್ತಿದ್ದೇನೆ. ಈ ಲೇಖಕಿ ಹದಿನಾರು ವರ್ಷಕ್ಕೆ ಬರೆಯೋಕೆ ಶುರು ಮಾಡಿ ಇಂಟರ್‌ನೆಟ್ಟಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಿದ್ದಳಂತೆ. ವಾರಪತ್ರಿಕೆ ಧಾರಾವಾಹಿಗೆ ನಾವು ಕಾಯುತ್ತಿದ್ದ ಹಾಗೇ ಆಯಿತು.

ಕಬ್ಬಿನಹಾಲು, ನಿನಗೆ ಕೊನೇ ಪುಸ್ತಕ ಕೈಯಲ್ಲಿದೆ, ಬರೆದವಳೇ ಮುಗಿಸಿದ್ದಾಳೆ. ನಮ್ಮ ತ್ರಿವೇಣಿ 1963ರಲ್ಲಿ ಹೋಗಿಬಿಟ್ಟಾಗ ‘ಅವಳ ಮನೆ’ ಅರ್ಧಕ್ಕೇ ಉಳಿದಿತ್ತು. ಆಮೇಲೆ ಎಂ.ಸಿ. ಪದ್ಮಾ ಅದನ್ನು ಪೂರ್ತಿ ಮಾಡಿದರು. ಚೆನ್ನಾಗಿಯೇ ಇದೆ. ಆದರೂ ಓದುವಾಗ ತ್ರಿವೇಣಿ ಎಲ್ಲಿಗೆ ನಿಲ್ಲಿಸಿದ್ದರೋ ಅಂತ ಪ್ರತಿ ಪುಟದಲ್ಲೂ ಹುಡುಕುತ್ತಿದ್ದೆ. ನಿನಗೆ ಆ ಕಷ್ಟ ಇಲ್ಲವಲ್ಲ ಮಗು, ಆರನೇದು ಓದಿಯೇ ಹೋಗು.

ಕಬ್ಬಿನಹಾಲು

ಅಜ್ಜಿ ಹೇಳಿದ ಮೇಲೆ ಮುಗೀತು. ಇವತ್ತು ಬೆಳಿಗ್ಗೆ ಟವರ್ ಆಫ್ ಡಾನ್ ಮತ್ತೆ ಶುರು ಮಾಡಿದೆ, ಪಾಂಡವಪುರ ಬರುವಷ್ಟರಲ್ಲಿ ಇರೀನ್ ಕಾಣಿಸಿಕೊಂಡಳು. ಐದು ಕತೆಯ ಪುಸ್ತಕ ನಾನು ಮೊದಲೇ ಓದಿದ್ದೆ, ಆ ಹೋಟೆಲ್ ಹುಡುಗಿ ಹೆಸರು ಮಾತ್ರ ಮರೆತೇ ಹೋಗಿತ್ತು! ಕೇಯಾಲ್ ಮೇಲಿನ ಸಿಟ್ಟು ಹಾಗೇ ಇದೆ, ಅವಳಿಗೋಸ್ಕರ ಸಹಿಸಿಕೊಳ್ತೀನಿ.

ಮಸಿ ಕೈ ಅವರೇ, ಫಾರಂ ವಿಷಯ ಕ್ಲಾಸಲ್ಲಿ ಎಲ್ಲರಿಗೂ ಹೇಳಿ ಮೆರೆದೆ. ಭೇರುಂಡ ಅಣ್ಣ, ನಿಮ್ಮ ಹತ್ತಿರ ಅಸಲಿ ಪ್ರತಿ ಇದ್ದರೆ ಆ ಹದಿನಾರು ಪುಟಕ್ಕೆ ಎರಡು ದಿನ ಸಾಲ ಕೊಡ್ತೀರಾ? ಕಾಫಿ ಚೆಲ್ಲಲ್ಲ, ಮೂಲೆ ಮಡಚಲ್ಲ, ಸ್ಟೇಷನ್ ಹತ್ತಿರವೇ ಬಂದು ತಗೋತೀನಿ.

ಒಂಟಿತಲೆ ಭೇರುಂಡ

ಕೊಡ್ತೀನಿ. ಚೀಲ ಗಟ್ಟಿಯಾದ್ದು ತನ್ನಿ.