ಬ್ರೂವರಿಯ ಪಬ್ ಬಾಡಿಗೆಗೆ ಹಿಡಿಯಬೇಕೆಂದಿದ್ದೇನೆ: ನಡೆಸಿದವರ ಅನುಭವ ಬೇಕು

ಡರ್ಬಿಯಿಂದ ಪ್ರಶ್ನೆ: ರೆಸ್ಟೋರೆಂಟ್ ಅಡುಗೆಮನೆಯಲ್ಲಿ ಬಹುಕಾಲ ದುಡಿದಿದ್ದೇನೆ. ಈಗ ಬ್ರೂವರಿಯೊಂದು ತನ್ನ ಪಬ್ ಅನ್ನು, ಮೇಲಿನ ಮನೆಯೂ ಸೇರಿ, 5 ವರ್ಷದ ಟೆನೆನ್ಸಿಗೆ ವಾರಕ್ಕೆ 480 ಪೌಂಡ್‌ನಂತೆ ಕೊಡಲು ಮುಂದೆ ಬಂದಿದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಲೀಡ್ಸ್‌ನಿಂದ: ಬಾಡಿಗೆಯೊಂದನ್ನೇ ನೋಡಿ ಲೆಕ್ಕ ಹಾಕಬೇಡಿ, ನನ್ನನ್ನು ಮುಳುಗಿಸಿದ್ದು ಟೈ, ಅಂದರೆ ಬೀರ್ ಅನ್ನು ಪಬ್‌ನ ಒಡೆಯರಾದ ಬ್ರೂವರಿಯಿಂದಲೇ ಕೊಳ್ಳಬೇಕೆಂಬ ಕರಾರು. 88 ಪಿಂಟ್ ಹಿಡಿಯುವ 11 ಗ್ಯಾಲನ್‌ನ ಬೀರ್ ಪೀಪಾಯಿಗೆ (ಕೆಗ್), ಎದುರಿನ ಸ್ವತಂತ್ರ ಪಬ್‌ನವರಿಗಿಂತ 65 ಪೌಂಡ್ ಹೆಚ್ಚು ತೆರುತ್ತಿದ್ದೆ. ವಾರಕ್ಕೆ 7 ಕೆಗ್ ಎಂದರೆ 455 ಪೌಂಡ್, ಅಂದರೆ ಇನ್ನೊಂದು ಬಾಡಿಗೆಯೇ ಆಯಿತು. ಬಿಟ್ಟು ಹೊರಡುವಾಗ ಬ್ರೂವರಿಯ ಸರ್ವೇಯರ್ ಬಂದು, ಕೊಳೆತ ಕಿಟಕಿ ಚೌಕಟ್ಟು, ಬೀರ್ ಇಡುವ ನೆಲಮಾಳಿಗೆಯ (ಸೆಲ್ಲರ್) ಬಾಗಿಲು, ಗಂಡಸರ ಶೌಚಾಲಯದ ಬಿರುಕುಬಿಟ್ಟ ಟೈಲ್ಸ್ ಎಂದು 11,400 ಪೌಂಡ್‌ಗಳ ಪಟ್ಟಿ ಕೈಗಿಟ್ಟರು. ಆ ಟೈಲ್ಸ್ ನಾನು ಕಾಲಿಡುವ ಮೊದಲೇ ಬಿರಿದಿದ್ದವು. ಕಟ್ಟಡದ ಸ್ಥಿತಿಯನ್ನು ಬರವಣಿಗೆಯಲ್ಲಿ ಕೊಡಿ ಎಂದು ಮೊದಲ ದಿನವೇ ಕೇಳಿದ್ದೆ. ಆಮೇಲೆ ನೋಡೋಣ ಎಂದು ಸಾಗಹಾಕಿದ್ದರು. 6,000 ಪೌಂಡ್ ಠೇವಣಿ ಅದರಲ್ಲೇ ಹೋಯಿತು.

ವೆಸ್ಟ್ ಬ್ರಾಮಿಚ್‌ನಿಂದ: ಟೈ ಇರುವುದು ಬೀರ್ ಮೇಲೆ, ನಮ್ಮ ಒಲೆಯ ಮೇಲಲ್ಲ. ಇಲ್ಲಿಯೂ ಸ್ಮೆತಿಕ್‌ನಲ್ಲಿಯೂ ಪಂಜಾಬಿಗಳು ಮಿಕ್ಸೆಡ್ ಗ್ರಿಲ್ ನಂಬಿ ಎಷ್ಟೋ ಪಬ್‌ಗಳನ್ನು ಉಳಿಸಿಕೊಂಡಿದ್ದಾರೆ. ನಾನೂ ನಮ್ಮ ಯಜಮಾನರೂ ಅದರ ಜೊತೆಗೆ ಕೋರಿ ಸುಕ್ಕ, ಬಂಗುಡೆ ಫ್ರೈ ಇಟ್ಟೆವು. ಹೊಗೆ ಕೊಳವೆ, ಫ್ಯಾನ್ ಸೇರಿ 9,200 ಪೌಂಡ್; ಅದು ಮೇಲಿನ ಮಲಗುವ ಕೋಣೆಯ ಗೋಡೆಗೆ ತಾಗಿ ಹೋಗುವುದರಿಂದ ಸದ್ದು ತಡೆಯಲು ಮತ್ತೆ 1,350. ಈಗ ಶನಿವಾರ ಮೇಜು ಸಿಗುವುದಿಲ್ಲ. ಲೀಡ್ಸ್‌ನ ಅಣ್ಣನವರು ನಷ್ಟವನ್ನೆಲ್ಲ ಟೈ ತಲೆಗೇ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಲೀಡ್ಸ್‌ನಿಂದ: ಅಕ್ಕ, ಸಮರ್ಥನಾದ ಬಾಡಿಗೆದಾರ ಆ ಪಬ್‌ನಲ್ಲಿ ಎಷ್ಟು ವ್ಯಾಪಾರ ಮಾಡಬಲ್ಲ ಎಂಬ ಅಂದಾಜಿನ ಮೇಲೆ ಬಾಡಿಗೆ ನಿಗದಿಯಾಗುತ್ತದೆ. ನಿಮ್ಮ ಬಂಗುಡೆ ಓಡಿದಷ್ಟೂ ಮುಂದಿನ ಬಾಡಿಗೆಯ ಮಾತುಕತೆ ಕಠಿಣವಾಗುತ್ತದೆ. ಕೈಯಿಂದ ಹಣ ಕಳೆದುಕೊಂಡವನಿಗೆ ವ್ಯಾಪಾರ ಬರುವುದಿಲ್ಲವೆಂದು ಸೂಚಿಸುವುದು ಸರಿಯಲ್ಲ.

ಬ್ರಿಸ್ಟಲ್‌ನಿಂದ: ಇಬ್ಬರೂ ಕಾನೂನಿನ ಮಾತನ್ನೇ ಎತ್ತಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2016ರಿಂದ ಪಬ್ಸ್ ಕೋಡ್ ಜಾರಿಯಲ್ಲಿದೆ. 500 ಅಥವಾ ಅದಕ್ಕಿಂತ ಹೆಚ್ಚು ಟೈ ಪಬ್‌ಗಳ ಒಡೆತನವಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ಬಾಡಿಗೆ ಪರಿಷ್ಕರಣೆ, ನವೀಕರಣದಂತಹ ಸಂದರ್ಭಗಳಲ್ಲಿ ಟೈ ಬಿಟ್ಟು ಮಾರುಕಟ್ಟೆ ಬಾಡಿಗೆ ಮಾತ್ರ ಕೊಡುವ ಆಯ್ಕೆ ಕೇಳಬಹುದು. ನಾನು ಕೇಳಿದೆ. ಟೈ ಇಲ್ಲದಿದ್ದರೆ ವಾರಕ್ಕೆ 520 ಪೌಂಡ್ ಬದಲು 890, ಮೇಲೆ ಹೆಚ್ಚಿನ ಠೇವಣಿ ಎಂದು ಬರೆದು ಕೊಟ್ಟರು. ಆದರೂ ಆ ಕಾಗದವನ್ನು ಮುಂದಿಟ್ಟೇ ಟೈ ಬಾಡಿಗೆಯನ್ನು 430ಕ್ಕೆ ಇಳಿಸಿಕೊಂಡೆ. ಸಣ್ಣ ಕುಟುಂಬದ ಬ್ರೂವರಿಯಾದರೆ ಈ ಹಕ್ಕು ಇರುವುದಿಲ್ಲ. ಹಾಗೆಯೇ, ಕೆಗ್ ಲೆಕ್ಕ ಮಾಡುವವರು ಕ್ಯಾಸ್ಕ್ ಏಲ್ ಅನ್ನು, ಅಂದರೆ ಪೀಪಾಯಿಯಲ್ಲೇ ಹುದುಗಿ ಹದವಾಗುವ ಬೀರ್ ಅನ್ನು, ಮರೆಯುವುದು ನನಗೆ ಸಹಿಸದು. ನಮ್ಮಲ್ಲಿ ಜನ ಬರುವುದೇ ಅದಕ್ಕೆ.

ಲೀಡ್ಸ್‌ನಿಂದ: ಕ್ಯಾಸ್ಕ್ ಇಟ್ಟು ನೋಡಿದವನೇ ನಾನು. 72 ಪಿಂಟ್‌ನ ಕ್ಯಾಸ್ಕ್ ಪೀಪಾಯಿ (ಫರ್ಕಿನ್) ತೆರೆದ ಮೇಲೆ ಮೂರು ದಿನದೊಳಗೆ ಖಾಲಿಯಾಗಬೇಕು. ಸೋಮವಾರ ತೆರೆದದ್ದರಲ್ಲಿ ಗುರುವಾರ ಅರ್ಧ ಚರಂಡಿಗೆ ಸುರಿಯುತ್ತಿದ್ದೆ.

ಬ್ರಿಸ್ಟಲ್‌ನಿಂದ: ಸೋಮವಾರ ಯಾರು ಫರ್ಕಿನ್ ತೆರೆಯುತ್ತಾರೆ? ಗುರುವಾರ ತೆರೆಯಬೇಕು, ಸೆಲ್ಲರ್ 11ರಿಂದ 13 ಡಿಗ್ರಿಯಲ್ಲಿರಬೇಕು.

ಲೀಡ್ಸ್‌ನಿಂದ: ಸೆಲ್ಲರ್‌ನ ಕೂಲರ್ ಕೆಟ್ಟು, ದುರಸ್ತಿ ಯಾರದೆಂದು ಅವರು ಆರು ವಾರ ಪತ್ರ ಬರೆಯುತ್ತ ಕುಳಿತಿದ್ದರು ಸ್ವಾಮಿ. ಡರ್ಬಿಯವರೇ, ಸಹಿ ಹಾಕುವ ಮುನ್ನ ಆ ಯಂತ್ರ ಯಾರ ಜವಾಬ್ದಾರಿ ಎಂಬುದನ್ನು ಬರೆಸಿಕೊಳ್ಳಿ.