ಮಗಳು ಊಟ ಬಿಡ್ತಾಳೆ, ಆದರೂ ದಪ್ಪ ಆಗ್ತಿದ್ದಾಳೆ. ಏನು ಮಾಡಲಿ?

ಕೌಲ್‌ಬಜಾರ್ ಟೈಲರ್:
ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗಳು ಒಂಬತ್ತನೇ ಕ್ಲಾಸು. ಜೂನ್‌ನಲ್ಲಿ ಹೊಲಿದ ಯೂನಿಫಾರ್ಮ್ ಚೂಡಿದಾರದ ಸೈಡು ದಸರಾ ಹೊತ್ತಿಗೆ ಬಿಚ್ಚಿ ಅಗಲ ಮಾಡಿದೆ. ಒಳಗೆ ಬಿಟ್ಟಿದ್ದ ಬಟ್ಟೆಯೂ ಮುಗೀತು. ಈಗ ಟೇಪ್ ಹಿಡಿದರೆ ಸಾಕು, ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ನಮ್ಮೆದುರು ಅವಳು ತಿನ್ನೋದೇ ಕಡಿಮೆ. ಬೆಳಿಗ್ಗೆ ತಿಂಡಿ ಬೇಡ. ರಾತ್ರಿ ಅರ್ಧ ರೊಟ್ಟಿ ಮುರಿದು ಎದ್ದುಬಿಡುತ್ತಾಳೆ. ಹಾಸಿಗೆ ಕೆಳಗೆ ನೋಡಿದರೆ ಚಿಪ್ಸ್, ಬಿಸ್ಕತ್ತಿನ ಖಾಲಿ ಕವರು. ನಮ್ಮತ್ತೆ ಅವಳನ್ನು ಕುಂಬಳಕಾಯಿ ಅಂತಲೇ ಕರೆಯೋದು, ಮುದ್ದಿಗೆ. ಮೈದುನ ಊಟಕ್ಕೆ ಕೂತಾಗ "ಇನ್ನೊಂದು ಹಾಕ್ಕೋ, ಬಾಗಿಲು ಅಗಲ ಮಾಡಿಸೋಣ" ಅಂತಾನೆ. ಎಲ್ಲರೂ ನಗ್ತಾರೆ. ಥೈರಾಯ್ಡ್ ಇರಬಹುದಾ? ಡಯಟ್ ಚಾರ್ಟ್ ಯಾರ ಹತ್ತಿರ ಕೇಳಲಿ?

ಗಂಗಾವತಿ ರೈಸ್‌ಮಿಲ್:
ಮೊದಲು ಮೊಬೈಲ್ ಕಿತ್ಕೊಳ್ಳಿ ಅಕ್ಕ. ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿಸಿ. ನಾವು ಸಾಲಿಗೆ ಹೋಗೋ ಕಾಲಕ್ಕೆ ಯಾರು ದಪ್ಪ ಇದ್ರು ಹೇಳಿ!

ರಾಯಚೂರು ಬಿಸಿಲು:
ಅಣ್ಣಾ, ಜೇನು ಅಂದರೂ ಬಹುಪಾಲು ಸಕ್ಕರೆಯೇ. ಆಮೇಲೆ ಮೊಬೈಲ್ ಕಿತ್ಕೊಂಡರೆ ಆ ಹುಡುಗಿಗೆ ಮಾತಾಡೋಕೆ ಯಾರಿದ್ದಾರೆ?

ಅಕ್ಕ, ನಾನು ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತಲೇ ಇರೋ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತ ಸಮಾಲೋಚಕಿ. ದಿನಾ ಇದೇ ವಯಸ್ಸಿನವರ ಜೊತೆ ಮಾತು. ಥೈರಾಯ್ಡ್ ಅನುಮಾನ ಎಲ್ಲ ಅಮ್ಮಂದಿರಿಗೂ ಬರುತ್ತೆ. ಆದರೆ ಎತ್ತರ ಚೆನ್ನಾಗಿ ಬೆಳೆದಿರೋ ಮಕ್ಕಳಲ್ಲಿ ಬರೀ ಹಾರ್ಮೋನ್ ಕಾಯಿಲೆಯಿಂದ ದಪ್ಪ ಆಗೋದು ಅಪರೂಪ. ಕುತ್ತಿಗೆ ಹಿಂದೆ ಒರಟಾದ ಕಪ್ಪು ಪಟ್ಟಿ ಇದೆಯಾ ನೋಡಿ. ಎಷ್ಟೋ ಮನೆಯಲ್ಲಿ ಅದನ್ನು ಕೊಳೆ ಅಂತ ಉಜ್ಜುತ್ತಾರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹಾಗೆ ಆಗುತ್ತೆ. ಅದಿದ್ದರೆ, ಇಲ್ಲವೇ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೋಲಿಸೋ ಲೆಕ್ಕ, ಇವಳಿಗೆ ಹಾಕಬೇಡಿ. ಮಕ್ಕಳಿಗೆ ವಯಸ್ಸಿಗೆ ತಕ್ಕ ಚಾರ್ಟೇ ಬೇರೆ ಇದೆ.

ನನಗೆ ಚುಚ್ಚಿದ್ದು ಆ ಖಾಲಿ ಕವರು. ಇಂಥ ಮಕ್ಕಳು ಎಲ್ಲರೆದುರು ತಿಂದರೆ ನಗ್ತಾರೆ ಅಂತ ತಿನ್ನೋದಿಲ್ಲ. ಸ್ಕೂಲ್ ಬಿಡೋ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತೆ. ಟ್ಯೂಷನ್ ಪಕ್ಕದ ಅಂಗಡಿಯಲ್ಲಿ ಪ್ಯಾಕೆಟ್ ತಗೊಂಡು ಬ್ಯಾಗಿಗೆ ಹಾಕ್ಕೊಳ್ತಾರೆ. ರಾತ್ರಿ ಕದ್ದು ತಿಂತಾರೆ, ಗಬಗಬ ಅಂತ, ರುಚಿಯೂ ನೋಡಲ್ಲ. ತಿಂದ ಮೇಲೆ ತಪ್ಪು ಮಾಡಿದೆ ಅನಿಸಿ ಬೆಳಿಗ್ಗೆ ಮತ್ತೆ ತಿಂಡಿ ಬಿಡ್ತಾರೆ. ಇದನ್ನು ಬಾಯಿಚಪಲ ಅಂದರೆ ಅನ್ಯಾಯ.

ಅಮೆರಿಕದ ಮಿನ್ನೆಸೋಟದಲ್ಲಿ ಹದಿಹರೆಯದ ಮಕ್ಕಳನ್ನು 15 ವರ್ಷ ಆದಮೇಲೆ ಮತ್ತೆ ವಿಚಾರಿಸಿ ನೋಡಿದ್ದಾರೆ. ತೂಕಕ್ಕೆ ಗೇಲಿ ಮಾಡಿಸಿಕೊಂಡವರಲ್ಲಿ ದೊಡ್ಡವರಾದ ಮೇಲೂ ಬೊಜ್ಜು ಜಾಸ್ತಿ ಕಂಡಿತು. ಗೇಲಿಯಿಂದಲೇ ದಪ್ಪ ಆದರು ಅಂತ ಅಷ್ಟರಿಂದ ಹೇಳೋಕಾಗಲ್ಲ. ಆದರೆ "ನಾಚಿಕೆ ಆದರೆ ತಾನೇ ಸಣ್ಣ ಆಗ್ತಾಳೆ" ಅನ್ನೋರು ಇದನ್ನು ಕೇಳಿಸಿಕೊಳ್ಳಬೇಕು ಅಲ್ವಾ?

ಇನ್ನು ನಿದ್ದೆ. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯರಾತ್ರಿವರೆಗೂ ಗೋಡೆ ಕಾದಿರುತ್ತೆ, ಎಲ್ಲಿಂದ ಬರಬೇಕು? ನಿದ್ದೆಗೆಟ್ಟರೆ ಮಾರನೇ ದಿನ ಹಸಿವು ಜಾಸ್ತಿ, ಅದೂ ಸಿಹಿ, ಕರಿದದ್ದರ ಮೇಲೇ ಆಸೆ. ದೊಡ್ಡವಳಾದ ಮೇಲೆ ಅವಳ ಸೈಕಲ್ ಮೂಲೆ ಸೇರಿತಾ? ಈ ಮಕ್ಕಳು ದಿನಕ್ಕೆ 60 ನಿಮಿಷ ಮೈ ಬೆವರುವಂತೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಗ್ರೌಂಡಿನಲ್ಲಿ ಸಂಜೆ ಎಷ್ಟು ಹುಡುಗಿಯರು ಕಾಣ್ತಾರೆ, ನೀವೇ ನೋಡಿ.

ಡಯಟ್ ಚಾರ್ಟ್ ಸದ್ಯಕ್ಕೆ ಬೇಡ. ಮನೆಮಂದಿಗೆಲ್ಲ ಒಂದೇ ಅಡುಗೆ ಇರಲಿ. ಎಲ್ಲರೂ ಒಗ್ಗರಣೆ-ಮಿರ್ಚಿ ತಿನ್ನುವಾಗ ಅವಳೊಬ್ಬಳ ಮುಂದೆ ಸೌತೆಕಾಯಿ ಇಡಬೇಡಿ. ಸ್ಕೂಲಿಂದ ಬಂದ ಕೂಡಲೇ ರೊಟ್ಟಿ, ಕಾಳಿನ ಪಲ್ಯ ಕೊಡಿ. ಯೂನಿಫಾರ್ಮ್ ಬಿಗಿ ಇದ್ದರೆ ಸುಮ್ನೆ ಹೊಸದು ಹೊಲಿದುಬಿಡಿ.

ಕೊಪ್ಪಳ ಹುಡುಗ:
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಸ್ಕೂಲಿನಲ್ಲಿ ನನ್ನ ಹೆಸರೇ ಡುಮ್ಮ. ಪಿ.ಟಿ. ಪಿರಿಯಡ್ ಬಂದರೆ ಬೇವಿನ ಮರದ ಕೆಳಗೆ ಎಲ್ಲರ ವಾಚು, ಚಪ್ಪಲಿ ಕಾಯೋ ಕೆಲಸ ನನ್ನದು. ಯಾವ ಟೀಮಿಗೂ ಕರೀತಿರಲಿಲ್ಲ. ಪಿಯುಸಿಗೆ ಬೇರೆ ಕಾಲೇಜು ಸೇರಿದೆ, ಅಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ವಾಲಿಬಾಲ್‌ಗೆ ಒಬ್ಬ ಕಡಿಮೆ ಬಿದ್ದ ಅಂತ ಕರೆದರು, ಹೋದೆ. ತೂಕ ಅಂಥದ್ದೇನೂ ಇಳಿದಿಲ್ಲ. ಆದರೆ ಈಗ ಮದುವೆ ಮನೆಯಲ್ಲಿ ಪಂಕ್ತೀಲಿ ಕೂತು ಉಣ್ತೀನಿ.

ಕೌಲ್‌ಬಜಾರ್ ಟೈಲರ್:
ಕುತ್ತಿಗೆ ಹಿಂದೆ ಕಪ್ಪಿದೆ ಮೇಡಂ. ಸೋಮವಾರ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಆದರೆ ಅತ್ತೆಗೆ ಹೇಗೆ ಹೇಳಲಿ? ಸೊಸೆ ಬುದ್ಧಿ ಹೇಳೋಕೆ ಬಂದಳು ಅಂತಾರೆ.

ರಾಯಚೂರು ಬಿಸಿಲು:
ನೀವು ಹೇಳಲೇಬೇಡಿ. ಅತ್ತೆಯನ್ನೂ ಜೊತೆಗೆ ಕರ್ಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಬರಲಿ. ಎಲ್ಲರೂ ಒಳಗೆ ಹೋಗೋ ಮುಂಚೆ ಡಾಕ್ಟರಿಗೆ ಈ ಗೇಲಿ ವಿಷಯ ಒಂದು ಮಾತು ತಿಳಿಸಿರಿ. ಮೈದುನನಿಗೆ ನಿಮ್ಮ ಯಜಮಾನ್ರು ಹೇಳಲಿ, ಮಗಳು ಮನೇಲಿ ಇಲ್ಲದಾಗ. ಅವಳು ಒಬ್ಬಳೇ ಕೂತು ಅಳೋದು, ಸ್ಕೂಲ್ ಬೇಡ ಅನ್ನೋದು ಶುರುವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.