ಮಗುವಿನ ಕ್ಯಾಥೆಟರ್: ಬ್ಯಾಗಿಗಿಂತ ಡೈಪರ್ರೇ ಜಾಸ್ತಿ ಒದ್ದೆ, ಏನು ನೋಡಬೇಕು?

ಪ್ರಶ್ನೆ
ಮಗನಿಗೆ 3 ವರ್ಷ, ತೂಕ 14 ಕೆ.ಜಿ. ಮೂತ್ರಕೋಶದ ಆಪರೇಷನ್ ಮಾಡಿ 8 ಫ್ರೆಂಚ್ ಫೋಲಿ ಕ್ಯಾಥೆಟರ್ (ಮೂತ್ರವನ್ನು ಬ್ಯಾಗಿಗೆ ಹರಿಸುವ, ಒಳತುದಿಯಲ್ಲಿ ಪುಟ್ಟ ಬಲೂನಿರುವ ಟ್ಯೂಬ್) ಹಾಕಿ ಮನೆಗೆ ಕಳಿಸಿದ್ದಾರೆ. ಬಲೂನಿನಲ್ಲಿ 3 ಮಿ.ಲೀ. ನೀರಿದೆ. ನಿನ್ನೆಯಿಂದ ಟ್ಯೂಬಿನ ಪಕ್ಕದಿಂದ ಮೂತ್ರ ಸೋರಿ ಡೈಪರ್ ನೆನೆಯುತ್ತಿದೆ. ಜ್ವರ ಇಲ್ಲ. ಆಗಾಗ ಕಾಲು ಮಡಚಿಕೊಂಡು ಅಳುತ್ತಾನೆ. ದಪ್ಪ ಟ್ಯೂಬ್ ಹಾಕಿಸಬೇಕಾ? ಬಲೂನಿಗೆ ಇನ್ನಷ್ಟು ನೀರು ತುಂಬಿಸಬೇಕಾ?

ಉತ್ತರ 1
ಎರಡೂ ಬೇಡ. ಬಲೂನ್ ಇರುವುದು ಟ್ಯೂಬ್ ಜಾರದಿರಲಿ ಅಂತ, ಸೋರಿಕೆಗೆ ಬಿರಡೆಯಾಗಿ ಅಲ್ಲ. ಅದು ಉಬ್ಬಿದಷ್ಟೂ ಮೂತ್ರಕೋಶದ ತಳ ಕೆರಳಿ ಸೆಳೆತ ಜಾಸ್ತಿಯಾಗುತ್ತದೆ.

ಟ್ಯೂಬ್ ಕಟ್ಟಿಕೊಂಡಿದೆಯೋ, ಮೂತ್ರಕೋಶ ಹಿಂಡುತ್ತಿದೆಯೋ ಎಂಬುದು ಮೊದಲು ಗೊತ್ತಾಗಬೇಕು. ಕಟ್ಟಿಕೊಂಡಿದ್ದರೆ ಬ್ಯಾಗಿಗೆ ಹನಿಯೂ ಇಳಿಯುವುದಿಲ್ಲ, ಕಿಬ್ಬೊಟ್ಟೆ ಬಿಗಿಯಾಗುತ್ತದೆ, ಮಗುವಿನ ಚಡಪಡಿಕೆ ಏರುತ್ತಲೇ ಹೋಗುತ್ತದೆ. ಸೆಳೆತವಾದರೆ ಅಳು ಅಲೆಯಂತೆ ಬಂದು ಹೋಗುತ್ತದೆ. ಬಂದಾಗ ಪಕ್ಕದಿಂದ ಚಿಮ್ಮುತ್ತದೆ, ನಡುವೆ ಬ್ಯಾಗ್ ತುಂಬುತ್ತಲೇ ಇರುತ್ತದೆ.

ಟ್ಯೂಬನ್ನು ಮಗುವಿನ ಕಡೆಯಿಂದ ಬ್ಯಾಗಿನವರೆಗೆ ಬೆರಳಲ್ಲಿ ಸವರುತ್ತಾ ಹೋಗಿ. ಫ್ರೆಂಚ್ ಎಂಬುದು ಟ್ಯೂಬಿನ ದಪ್ಪದ ಅಳತೆ. 8 ಫ್ರೆಂಚ್ ಅಂದರೆ ಹೊರ ಅಳತೆಯೇ ಸುಮಾರು 2.7 ಮಿ.ಮೀ., ಒಳದಾರಿ ಇನ್ನೂ ಸಣ್ಣದು. ಡೈಪರಿನ ತೊಡೆಯ ಕಡೆಯ ಎಲಾಸ್ಟಿಕ್ ಒತ್ತಿದರೂ ಸಾಕು, ಹರಿವು ನಿಲ್ಲುತ್ತದೆ. ಹೆಚ್ಚಿನವರು ತೊಡೆಯಡಿ, ಮಂಚದ ಅಂಚು ಎಲ್ಲ ನೋಡಿ ಇದೊಂದನ್ನು ಬಿಟ್ಟುಬಿಡುತ್ತಾರೆ. ಟ್ಯೂಬ್ ಬ್ಯಾಗಿಗಿಂತ ಕೆಳಗೆ ಜೋತು ಬಿದ್ದಿದ್ದರೆ ಆ ಬಾಗಿನಲ್ಲಿ ಮೂತ್ರ ನಿಂತು ಹಿಂದಿನದನ್ನು ತಡೆಯುತ್ತದೆ, ಹೆಚ್ಚಿನ ಉದ್ದವನ್ನು ಹಾಸಿಗೆಯ ಮೇಲೆಯೇ ಸುತ್ತಿಡಿ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಎತ್ತಿಕೊಂಡು ಓಡಾಡುವಾಗಲೂ. ನೆಲ ಮುಟ್ಟಬಾರದು. ಅರ್ಧ ದಾಟಿದರೆ ಖಾಲಿ ಮಾಡಿ, ಭಾರಕ್ಕೆ ಟ್ಯೂಬ್ ಎಳೆಯುತ್ತದೆ.

ಉತ್ತರ 2
ಲೆಕ್ಕ ಇಡದೆ ಫೋನ್ ಮಾಡಿದರೆ ಡಾಕ್ಟರಿಗೂ ಕಷ್ಟ. ಮೂತ್ರ ಅಂದಾಜು ಗಂಟೆಗೆ ಕೆ.ಜಿ.ಗೆ 1 ಮಿ.ಲೀ. ಆದರೂ ಬರಬೇಕು, ಅಂದರೆ ನಿಮ್ಮ ಮಗುವಿಗೆ 4 ಗಂಟೆಗೆ 56 ಮಿ.ಲೀ. ಬ್ಯಾಗಿನ ಗೆರೆ ನಂಬಬೇಡಿ. ಅಳತೆ ಲೋಟಕ್ಕೆ ಸುರಿದು ನೋಡಿ. ಡೈಪರನ್ನು ಒಣಗಿದ್ದಾಗ ತೂಗಿ, ಒದ್ದೆಯಾದ ಮೇಲೆ ತೂಗಿ. ಹೆಚ್ಚಿದ ಪ್ರತಿ ಗ್ರಾಂ ಸುಮಾರು 1 ಮಿ.ಲೀ. ಎರಡನ್ನೂ ಕೂಡಿಸಿ.

ಪ್ರಶ್ನೆ ಕೇಳಿದವರು
4 ಗಂಟೆಯಲ್ಲಿ ಬ್ಯಾಗಿನಲ್ಲಿ 45, ಡೈಪರಿನಲ್ಲಿ 30. ಹೊಟ್ಟೆ ಮೆತ್ತಗಿದೆ. ಟ್ಯೂಬ್ ಎಲ್ಲೂ ಮಡಚಿಲ್ಲ. ಸೆಳೆತಕ್ಕೆ ಆಕ್ಸಿಬ್ಯುಟಿನಿನ್ ಸಿರಪ್ ಕೊಡುತ್ತಿದ್ದೇವೆ. ಆಪರೇಷನ್ ಆದಮೇಲೆ ಕಕ್ಕ ಮಾಡಿಲ್ಲ.

ಉತ್ತರ 1
ಒಟ್ಟು 75, ಮೂತ್ರ ಸಾಕಷ್ಟಿದೆ. ಅದರಲ್ಲಿ 45 ಬ್ಯಾಗಿಗೇ ಇಳಿದಿದೆ, ಹಾಗಾಗಿ ಟ್ಯೂಬ್ ಪೂರ್ತಿ ಕಟ್ಟಿಕೊಂಡಿಲ್ಲ. ನಿಮ್ಮ ಕೊನೆಯ ಸಾಲಿನ ಮೇಲೇ ನನಗೆ ಅನುಮಾನ. ಮಲ ಗಟ್ಟಿಯಾಗಿ ಗುದನಾಳ ತುಂಬಿದರೆ ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ, ಸೆಳೆತ ಬರುತ್ತದೆ. ಆಕ್ಸಿಬ್ಯುಟಿನಿನ್ನೇ ಮಲಬದ್ಧತೆ ತರುವ ಔಷಧ. ಸೆಳೆತ ನಿಂತಿಲ್ಲ ಅಂತ ನೀವಾಗಿಯೇ ಡೋಸ್ ಏರಿಸಿದರೆ ಎರಡೂ ಕೆಡುತ್ತವೆ. ಈಗಲೇ ಆಪರೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ ಈ ಅಂಕಿಗಳನ್ನು ಹೇಳಿ, ಮಲ ಮೆತ್ತಗಾಗುವ ಔಷಧ ಕೇಳಿ. ಎನಿಮಾ ಸ್ವಂತ ಬುದ್ಧಿಯಿಂದ ಬೇಡ.

ಉತ್ತರ 2
ಜೊತೆಗೆ ಟೇಪ್ ನೋಡಿ. ತೊಡೆಗೆ ಅಂಟಿಸಿದ ಜಾಗದಿಂದ ಒಳಕ್ಕೆ ಸ್ವಲ್ಪ ಸಡಿಲ ಇರಬೇಕು, ಇಲ್ಲದಿದ್ದರೆ ಕಾಲು ಚಾಚಿದಾಗಲೆಲ್ಲ ಬಲೂನ್ ಜಗ್ಗುತ್ತದೆ. ಸರ್ಜನ್ ಹೊಟ್ಟೆಗೆ ಅಂಟಿಸಿದ್ದರೆ ಜಾಗ ಬದಲಿಸಬೇಡಿ.

ತೊಳೆಯುವುದು ದಿನಕ್ಕೆರಡು ಸಲ, ಮಲವಾದಾಗ ಮತ್ತೊಮ್ಮೆ. ಸೌಮ್ಯ ಸೋಪು, ಬೆಚ್ಚಗಿನ ನೀರು. ಟ್ಯೂಬನ್ನು ದೇಹದ ಹತ್ತಿರ ಹಿಡಿದುಕೊಂಡು ಹೊರಮುಖವಾಗಿ ಒರೆಸಿ. ಮುಂದೊಗಲನ್ನು ಬಲವಂತವಾಗಿ ಹಿಂದೆ ಸರಿಸಬೇಡಿ. ಪೌಡರ್ ಬೇಡ. ಟ್ಯೂಬ್-ಬ್ಯಾಗ್ ಜೋಡಣೆ ಬಿಚ್ಚಿದಷ್ಟೂ ಸೋಂಕಿಗೆ ದಾರಿ. ಕಲಿಸಿಕೊಟ್ಟಿಲ್ಲದಿದ್ದರೆ ಸಿರಿಂಜಿನಲ್ಲಿ ನೀರು ಹಾಯಿಸಲೂಬೇಡಿ, ಹೊಲಿಗೆ ಹಸಿಯಾಗಿರುತ್ತದೆ.

ಪ್ರಶ್ನೆ ಕೇಳಿದವರು
ಫೋನ್ ಮಾಡುತ್ತೇನೆ. ಯಾವುದಾದರೆ ಕಾಯದೆ ಹೊರಡಬೇಕು?

ಉತ್ತರ 1
ಮಡಚಿಕೆ ಬಿಡಿಸಿದ ಮೇಲೂ ಬ್ಯಾಗಿಗೆ ಇಳಿಯದಿದ್ದರೆ, 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ, ಗಡ್ಡೆಗಟ್ಟಿದ ರಕ್ತ ಬಂದರೆ, ಹೊಟ್ಟೆ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ. ತಿಳಿ ಗುಲಾಬಿ ಬಣ್ಣ ಮಾತ್ರ ಇದ್ದರೆ ನೀರು ಕುಡಿಸಿ ನೋಡಬಹುದು. ಕ್ಯಾಥೆಟರ್ ಕಳಚಿ ಬಂದರೆ ಮತ್ತೆ ತೂರಿಸಬೇಡಿ. ಒಂದು ಡೈಪರ್ ಹಾಕಿ, ಕಳಚಿದ ಟ್ಯೂಬನ್ನು ಕವರಿನಲ್ಲಿ ಹಾಕಿಕೊಂಡು ತಕ್ಷಣ ಹೊರಡಿ. ಬಲೂನ್ ಒಡೆದು ಚೂರು ಒಳಗೇ ಉಳಿದಿದೆಯೇ ಎಂದು ಅವರು ಅದನ್ನು ನೋಡಬೇಕಾಗುತ್ತದೆ.